ನಮ್ಮೂರಿಗೆ ಹೆಚ್ಚಾದ ಎತ್ತರ

ಮಳೆಗಾಲಕ್ಕೆಂದು ಚಪ್ಪಲಿ ಕೊಳ್ಳಲು ಮೊನ್ನೆ ಭಾನುವಾರ ಕುಮಟಾ ಪೇಟೆಗೆ ಹೋಗಿದ್ದೆ. ಅಂಗಡಿಯವ ಹೊಸ ಪೊಟ್ಟಣ ಬಿಚ್ಚಿದ್ದೇ ತಡ, ರಬ್ಬರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನಿಮಗೆ ಆ ವಾಸನೆಗೆ ಏನು ನೆನಪಾಗುತ್ತದೋ, ನನಗಂತೂ ಹೊನ್ನಾವರದ ನಮ್ಮ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ನೆನಪಾಗುತ್ತದೆ. ಚೆಂಡಿನ ಹಿಂದೆಯೇ ನಾಗವೇಣಿ. ಅಂಗಡಿಯವ "ಅಕ್ಕಾ, ಸೈಜ್ ಎಷ್ಟು?" ಎಂದು ಕೇಳುತ್ತಲೇ ಇದ್ದ, ನಾನು ಚಪ್ಪಲಿ ಮೂಸುತ್ತ ನಿಂತಿದ್ದೆ. ಮರ್ಯಾದಸ್ಥ ಹೆಂಗಸು ಪೇಟೆಯಲ್ಲಿ ಮಾಡುವ ಕೆಲಸವಲ್ಲ, ಒಪ್ಪುತ್ತೇನೆ.

ಆದರೆ ಅವಳು ಬೆಳಗಿನಿಂದಲೇ ತಲೆಯಲ್ಲಿದ್ದಳು. ಈಗ ಪೋರ್ಚುಗಲ್ಲಿನಲ್ಲಿದ್ದಾಳೆ, ಅಲ್ಲಿಯ ಒಂದು ಕ್ಲಬ್ಬಿಗೆ ಸಂಬಳಕ್ಕೆ ಆಡುತ್ತಾಳೆ. ಹೋಗುವಾಗ ಒಂದೇ ವರ್ಷ ಎಂದು ಮಾತಾಗಿತ್ತು. ಈಗ ಕ್ಲಬ್ಬಿನವರು ಇನ್ನೊಂದು ವರ್ಷ ಇರು ಎನ್ನುತ್ತಿದ್ದಾರೆ. ಇತ್ತ ಶಿರಾಲಿಯ ಕಡೆಯಿಂದ ಒಂದು ಸಂಬಂಧ ಬಂದಿದೆ. ಬೆಳಿಗ್ಗೆ ಅವಳ ಅಪ್ಪ ಜಟ್ಟಣ್ಣ ಫೋನು ಮಾಡಿ, "ತಂಗೀ, ಸಂಜೆ ನಿಮ್ಮನೆಗೆ ಬರ್ತೆ. ನಮ್ಮ ನಾಗವೇಣಿನ ವಾಪಸ್ ಕರೆಸೂದುಂಟು. ಚಿಕ್ಕಂದಿಂದ ಸ್ನೇಹ, ನೀನೇ ಹೇಳ್ಬೇಕು," ಎಂದಿದ್ದ. ನಾನು "ಆತು" ಎಂದುಬಿಟ್ಟಿದ್ದೆ. ಹಿರಿಯರು ಫೋನಿನಲ್ಲಿ ಏನು ಹೇಳಿದರೂ ನನ್ನ ಬಾಯಿಂದ ಮೊದಲು ಬರುವುದು ಅದೇ.

ನಮ್ಮ ಶಾಲೆಗೆ ಬಾಸ್ಕೆಟ್‌ಬಾಲ್ ಬಂದ ಕತೆ ಕೇಳಿ. ಮುಂಬೈಯಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಎರಡು ಕಂಬ, ಎರಡು ರಿಂಗು, ಒಂದು ಚೆಂಡು ದಾನ ಮಾಡಿ ಫೋಟೋ ತೆಗೆಸಿಕೊಂಡು ಹೋದರು. ರಿಂಗಿನ ಬಲೆ ಒಂದೇ ಮಳೆಗಾಲಕ್ಕೆ ಕೊಳೆತು ಲಡ್ಡಾಗಿ ಉದುರಿತು. ಆಟದ ಮಾಸ್ತರಿಗೆ ಗೊತ್ತಿದ್ದದ್ದು ವಾಲಿಬಾಲ್ ಮತ್ತು ಕವಾಯತು. ಅವರು ಬಲೆ ಎಂದರೆ ಪಕ್ಕದ ಮೀನುಗಾರರ ಊರು ಕಾಸರಕೋಡು ಎಂದುಕೊಂಡು ಸೀದಾ ಅಲ್ಲಿ ದೋಣಿ ನಿಲ್ಲುವ ದಕ್ಕೆಗೆ ಹೋಗಿ, ದೋಣಿಗೆ ಹೋಗುತ್ತಿದ್ದ ಜಟ್ಟಣ್ಣನಿಗೆ ಕೆಲಸ ಒಪ್ಪಿಸಿದರು. ಅವನು ಚೆಂದದ ನೈಲಾನು ಬಲೆ ಹೆಣೆದು, ತಾನೇ ಏಣಿ ಹತ್ತಿ ಕಟ್ಟಿಕೊಟ್ಟ. ಮಾಸ್ತರು ಚೆಂಡೆಸೆದರು. ಮೂರ್ನಾಲ್ಕು ಸಲ ತಪ್ಪಿ ಕೊನೆಗೊಮ್ಮೆ ಚೆಂಡು ರಿಂಗಿನೊಳಗೆ ಇಳಿಯಿತು. ಇಳಿದದ್ದು ಅಲ್ಲೇ ಕೂತಿತು.

"ಎಂತ ಮಾರಾಯ ಇದು? ಅಡಿ ಕಟ್ಟಿಬಿಟ್ಟಿದ್ಯಲ್ಲ!"

"ಕಟ್ಟದೆ? ಒಳಗೆ ಬಿದ್ದದ್ದು ಹೊರಗೆ ಹೋಗೂದಿಲ್ವ ಮತ್ತೆ?"

"ಹೋಗ್ಬೇಕು! ಹೋಗ್ಲಿಕ್ಕೇ ಹಾಕೂದು!"

"ಹೋಗ್ಲಿಕ್ಕೆ ಬಲೆ ಯಾರು ಹಾಕ್ತಾರೆ ಮಾಸ್ತರ್ರೇ?" ಎಂದು ಜಟ್ಟಣ್ಣ ನಮ್ಮೆಲ್ಲರ ಮುಖ ನೋಡಿದ. ಮಾಸ್ತರೂ ಸೇರಿ ನಾವೆಲ್ಲ ನಕ್ಕುಬಿಟ್ಟೆವು.

ಅಪ್ಪನನ್ನು ನೋಡಿ ನಾವು ನಕ್ಕದ್ದು ನಾಗವೇಣಿಗೆ ಸರಿಬರಲಿಲ್ಲ. ಎಂಟನೆಯ ತರಗತಿಗೇ ಮಾಸ್ತರಿಗಿಂತ ಎತ್ತರವಿದ್ದ ಹುಡುಗಿ. ಸಿಟ್ಟಿನಿಂದ ಓಡಿಬಂದು ಮೇಲಕ್ಕೆ ಹಾರಿ, ಬಲೆಯ ಅಡಿಗೆ ಮುಷ್ಟಿಯಿಂದ ಗುದ್ದಿದಳು. ಚೆಂಡು ಪುಟಿದು ಹೊರಬಿತ್ತು. ಮಾಸ್ತರ ನಗು ನಿಂತಿತು. "ಇನ್ನೊಮ್ಮೆ ಹಾರು" ಎಂದರು. ಆ ಬಲೆಯ ಅಡಿಯನ್ನು ಅವರು ಆ ವರ್ಷವೆಲ್ಲ ಬಿಚ್ಚಲಿಲ್ಲ. ನಾವು ಹಾಕುವುದು, ಅವಳು ಹಾರಿ ಬಿಡಿಸುವುದು, ಅದೇ ತರಬೇತಿ.

ತಂಡದಲ್ಲಿ ನಾನೂ ಇದ್ದೆ. ನಗಬೇಡಿ. ಹನ್ನೆರಡು ಹೆಸರು ಬೇಕಿತ್ತು, ಹನ್ನೊಂದು ಇತ್ತು. ನನ್ನ ಎತ್ತರಕ್ಕೆ ಅಡುಗೆಮನೆಯ ಮೇಲಿನ ಶೆಲ್ಫೇ ಇವತ್ತಿಗೂ ಸಿಗುವುದಿಲ್ಲ, ಇನ್ನು ರಿಂಗು ಸಿಗುತ್ತದೆಯೇ? ನೀರಿನ ಬಾಟಲಿ ಕಾಯುವುದರಲ್ಲಿ ಮಾತ್ರ ಜಿಲ್ಲೆಯಲ್ಲೇ ನನ್ನ ಸಮಾನರಿರಲಿಲ್ಲ. ಹತ್ತನೆಯ ತರಗತಿಯಲ್ಲಿದ್ದಾಗ ಭಟ್ಕಳದಲ್ಲಿ ನಡೆದ ಪಂದ್ಯದಲ್ಲಿ ನಾವು ಹೀನಾಯವಾಗಿ ಸೋತೆವು. ನಮ್ಮ ಪಾಯಿಂಟುಗಳನ್ನೆಲ್ಲ ಅವಳೊಬ್ಬಳೇ ತಂದಿದ್ದಳು. ನೋಡಲು ಬಂದಿದ್ದ ತರಬೇತುದಾರರೊಬ್ಬರು "ಆ ಉದ್ದದ ಹುಡುಗಿ ಯಾರು?" ಎಂದು ವಿಚಾರಿಸಿಕೊಂಡರು. ಮುಂದಿನ ಜೂನಿಗೆ ಅವಳು ಮೈಸೂರಿನ ಕ್ರೀಡಾ ಹಾಸ್ಟೆಲ್ಲಿಗೆ ಹೋದಳು, ನಾನು ಕುಮಟೆಯ ಕಾಲೇಜಿಗೆ ಬಂದೆ.

ಹಾಸ್ಟೆಲ್ಲಿನಿಂದ ಫೋನು ಮಾಡಿ, ಮೀನಿಲ್ಲದ ಊಟ ಗಂಟಲಲ್ಲಿ ಇಳಿಯುವುದಿಲ್ಲವೆಂದು ಅಳುತ್ತಿದ್ದಳು. ಆಮೇಲೆ ಕಾಲೇಜು ತಂಡ, ರಾಜ್ಯ ತಂಡ, ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ. ಒಮ್ಮೆ ಮಂಡಿ ತಿರುಚಿ ಆರು ತಿಂಗಳು ಮಲಗಿದಳು, ಎದ್ದು ಮತ್ತೆ ಆಡಿದಳು. ಪೇಪರಿನಲ್ಲಿ ಫೋಟೋ ಬಂದಾಗ ಊರಿನವರು ಹೆಮ್ಮೆಪಟ್ಟರು. ಹೆಮ್ಮೆಪಟ್ಟು ಮುಗಿದ ಕೂಡಲೇ ಕೇಳಿದರು: "ಅಲ್ಲ, ಇದಕ್ಕೆ ಗಂಡು ಎಲ್ಲಿ ಹುಡುಕೂದು?"

ಒಂದು ಚೌತಿಗೆ ಅವಳು ರಜೆಯಲ್ಲಿ ಬಂದಾಗ ಗಂಡಿನವರು ನೋಡಲು ಬಂದಿದ್ದರು. ಆ ದಿನ ನಾನೂ ಅಲ್ಲಿದ್ದೆ. ಹುಡುಗಿ ತಟ್ಟೆ ಹಿಡಿದು ನಡೆದು ಬರುವ ಪದ್ಧತಿಯನ್ನು ಅವಳ ಅವ್ವಿ ಅವತ್ತಿಗೆ ರದ್ದು ಮಾಡಿದ್ದಳು. ಗಂಡಿನ ಕಡೆಯವರು ಅಂಗಳಕ್ಕೆ ಬರುವ ಮೊದಲೇ ನಾಗವೇಣಿಯನ್ನು ಮಣೆಯ ಮೇಲೆ ಕೂರಿಸಿಯಾಗಿತ್ತು. "ಎಂತ ಆದ್ರೂ ಏಳ್ಬೇಡ" ಎಂದು ಅಪ್ಪಣೆ. ಚಹಾ ಆಯಿತು, ಚಕ್ಕುಲಿ ಆಯಿತು, ಎಲ್ಲರಿಗೂ ಒಪ್ಪಿಗೆಯಾದಂತೆಯೇ ಇತ್ತು. ಹೊರಡುವಾಗ ಹುಡುಗನ ಅತ್ತೆ, "ಏಳೇ ತಂಗೀ, ಕುಂಕುಮ ಹಚ್ತೆ," ಎಂದಳು. ನಾಗವೇಣಿ ಎದ್ದಳು. ಹೇಗೆ ಎದ್ದಳೆಂದರೆ, ಬೆನ್ನು ಬಾಗಿಸಿ, ಮಂಡಿ ಮಡಚಿ, ಕತ್ತು ಹೆಗಲೊಳಗೆ ಎಳೆದುಕೊಂಡು. ಅಷ್ಟಾದರೂ ಅತ್ತೆ ತುದಿಗಾಲಲ್ಲಿ ನಿಲ್ಲಬೇಕಾಯಿತು. "ತಿಳಿಸ್ತೇವೆ" ಎಂದು ಹೋದವರು ತಿಳಿಸಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಸಾವಿರಾರು ಜನರೆದುರು ಹಾರಿ ಆಡುವವಳು ತನ್ನ ಮನೆಯಲ್ಲಿ ಹೀಗೆ ಕುಗ್ಗಬೇಕೇ? ಅವಳು ಮಾತ್ರ ನಕ್ಕು, "ಅಭ್ಯಾಸ ಆಗಿದೆ ಬಿಡೆ. ಊರಿಗೆ ಬಂದ ಕೂಡ್ಲೆ ಬೆನ್ನು ತಾನಾಗಿ ಬಗ್ತದೆ," ಎಂದಳು.

ಪೋರ್ಚುಗಲ್ಲಿನಿಂದ ಕರೆ ಬಂದದ್ದು ಅದಾದ ಮೇಲೆ. ಜಟ್ಟಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಮೀನು ಸಿಗ್ತದಾ?"

"ತಾರ್ಲೆ ಸಿಗ್ತದೆ ಅಪ್ಪ. ಸುಟ್ಕಂಡು ತಿಂತಾರಂತೆ."

"ಹಾಗಾದ್ರೆ ಅಡ್ಡಿಲ್ಲ, ಅವರೂ ಮನುಷ್ಯರೇ," ಎಂದು ಕಳಿಸಿಕೊಟ್ಟಿದ್ದ.

ಚಪ್ಪಲಿ ಕೊಂಡು ಮನೆಗೆ ಬಂದರೆ ಅದೇ ಜಟ್ಟಣ್ಣ ನಮ್ಮ ಜಗಲಿಯಲ್ಲಿ ಕೂತಿದ್ದ, ಪಕ್ಕದಲ್ಲಿ ಬಂಗಡೆ ಮೀನಿನ ಚೀಲ. ಶಿರಾಲಿಯ ಹುಡುಗ ಒಳ್ಳೆಯವನಂತೆ, ಎತ್ತರವೂ ಇದ್ದಾನಂತೆ. ಆದರೆ ಮದುವೆಯಾದ ಮೇಲೆ ಆಟಗೀಟ ಬೇಡವಂತೆ. "ಎಷ್ಟು ದಿನ ಹಾರ್ತಾ ಇರೂದು ತಂಗೀ? ನಾವಿರೂ ತನಕ ಅದಕ್ಕೊಂದು ಮನೆ ಆಗ್ಬೇಕಲ್ಲ," ಎಂದ. ಅವನ ದನಿಯಲ್ಲಿ ಜೋರು ಇರಲಿಲ್ಲ, ಹೆದರಿಕೆ ಇತ್ತು. ನಾನು ಜಗಳಕ್ಕೆ ಸಿದ್ಧಳಾಗಿ ಬಂದಿದ್ದೆ. ಆ ಮುಖ ನೋಡಿ ಜಗಳ ಬಿಟ್ಟು ಗಡಿಯಾರ ನೋಡಿದೆ.

ಆಗ ಅಲ್ಲಿ ಮಧ್ಯಾಹ್ನ, ಅವಳ ಪಂದ್ಯದ ಹೊತ್ತು. ಕ್ಲಬ್ಬಿನವರು ಫೋನಿನಲ್ಲಿ ನೇರವಾಗಿ ತೋರಿಸುತ್ತಾರೆ. "ಮೊದ್ಲು ಆಟ ನೋಡುವ ಜಟ್ಟಣ್ಣ, ಆಮೇಲೆ ಮಾತಾಡುವ," ಎಂದೆ. ಮಗಳು ಇಷ್ಟು ವರ್ಷ ಆಡಿದರೂ ಅವನು ಒಂದು ಪಂದ್ಯ ಪೂರ್ತಿ ನೋಡಿದವನಲ್ಲ. ಅವಳು ಆಡುವಾಗ ಇವನು ಕಡಲಲ್ಲಿರುತ್ತಿದ್ದ. ಒಳಗಿಂದ ಅಕ್ಕಿ ಡಬ್ಬಿ ತಂದು ಫೋನನ್ನು ಅದಕ್ಕೆ ಒರಗಿಸಿಟ್ಟೆ. ತಂಡದವರು ಸಾಲಾಗಿ ನಿಂತಿದ್ದರು.

ಜಟ್ಟಣ್ಣ ಬಗ್ಗಿ ಹುಡುಕಿದ. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದ. "ಎಲ್ಲುಂಟು ಅದು? ಕಾಣೂದಿಲ್ಲಲ್ಲ?"

ಯಾವ ಗುಂಪಿನಲ್ಲಿ ನಿಂತರೂ ಎಲ್ಲರ ತಲೆಯ ಮೇಲೆ ಮಗಳ ತಲೆ ಕಂಡು ರೂಢಿಯಾದ ಅಪ್ಪ. ನಾನು ಬೆರಳಿಟ್ಟು ತೋರಿಸಿದೆ. ಅವಳ ಬಲಗಡೆಯವಳು ಅವಳಿಗಿಂತ ಗೇಣುದ್ದ ಎತ್ತರ, ಎಡಗಡೆಯವಳು ಸರಿಸಮ. ನಾಗವೇಣಿ ಅವರ ಹೆಗಲ ಮೇಲೆ ಕೈಹಾಕಿಕೊಂಡು, ಎದೆಯುಬ್ಬಿಸಿ, ಏನೋ ತಮಾಷೆಗೆ ಬಾಯ್ತುಂಬ ನಗುತ್ತಿದ್ದಳು.

ಆಟ ಶುರುವಾಯಿತು. ಅವಳು ಚೆಂಡು ಹಾಕಿದಳು, ತಪ್ಪಿದಳು, ಬಿದ್ದಳು, ಎದ್ದಳು. ಜಟ್ಟಣ್ಣ ಫೋನಿನ ಹತ್ತಿರ ಹತ್ತಿರ ಸರಿಯುತ್ತ ನೋಡಿದ. ತಂಡ ಗೆದ್ದಿತೋ ಸೋತಿತೋ ಎಂದೂ ಕೇಳಲಿಲ್ಲ. ಮುಗಿದ ಮೇಲೆ, "ಅಲ್ಲಿ ಅದು ಯಾರಿಗೂ ಬಗ್ಗೂದು ಬೇಡ ಅಲ್ದಾ ತಂಗೀ?" ಎಂದ. ನಾನು ಹೌದೆಂದು ತಲೆಯಾಡಿಸಿದೆ.

ಸ್ವಲ್ಪ ಹೊತ್ತಿಗೆ ಅವಳದೇ ಫೋನು ಬಂತು. ಅಪ್ಪ ಇಲ್ಲಿದ್ದಾನೆಂದು ತಿಳಿದ ಕೂಡಲೇ ಅವಳ ದನಿ ಇಳಿಯಿತು. "ಅಪ್ಪ, ಶಿರಾಲಿಯವರ ವಿಷಯ ಅವ್ವಿ ಹೇಳ್ತು. ನೀನು ಬಾ ಅಂದ್ರೆ ಬರ್ತೆ. ಕ್ಲಬ್ಬಿನವರಿಗೆ ನಾಳೆ ಹೇಳ್ಬೇಕು."

ಜಟ್ಟಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಊಟ ಆತಾ ಮಗಾ?" ಎಂದು ಕೇಳಿದ. ಆಗಲಿಲ್ಲವೆಂದಳು.

"ಮೊದ್ಲು ಉಣ್ಣು. ಶಿರಾಲಿಗೆ ನಾಳೆ ನಾನೇ ಹೋಗಿ ಬೇಡ ಅಂತ ಹೇಳಿ ಬರ್ತೆ. ನೀನು ಅಲ್ಲೇ ಇರು."

ಆ ಕಡೆಯಿಂದ ಮೂಗು ಸೊರ್ರೆನ್ನಿಸಿದ್ದು ಕೇಳಿತು. ಇಷ್ಟೆತ್ತರದ ಹೆಂಗಸು ಹಾಸ್ಟೆಲ್ಲಿನಲ್ಲಿ ಅತ್ತಂತೆಯೇ ಅಳುತ್ತಿದ್ದಳು, ನಾನೇನು ಕಡಿಮೆಯೇ, ನಾನೂ ಅತ್ತೆ.

ಹೊನ್ನಾವರದ ಬಸ್ಸಿಗೆಂದು ಎದ್ದ ಜಟ್ಟಣ್ಣ ಗೇಟಿನ ಹತ್ತಿರ ನಿಂತು ತಿರುಗಿದ. "ಇನ್ನು ಯಾವಾಗ ಉಂಟು ಆಟ?"

"ಬರೂ ಭಾನುವಾರ."

"ಹಾಗಾದ್ರೆ ಅದರ ಅವ್ವಿಯನ್ನೂ ಕರ್ಕಂಡು ಬರ್ತೆ," ಎಂದ. "ಮಗಳು ಹೇಗೆ ನಿಂತದೆ ಅಂತ ಅದೂ ಒಮ್ಮೆ ನೋಡ್ಲಿ."