ಗಂಗಕ್ಕನ ಕೈಯ ನೆನಪು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಪೀಣ್ಯದ ಮೋಟಾರ್ ಕಾರ್ಖಾನೆಯಲ್ಲಿ ಜಗಳವಾಯಿತು. ಮಿದುಳು ಜ್ವರದಿಂದ ಎದ್ದು ಮೂರು ತಿಂಗಳ ಮೇಲೆ ಕೆಲಸಕ್ಕೆ ಬಂದ ಗಂಗಕ್ಕನನ್ನು ಹೊಸ ಮ್ಯಾನೇಜರ್ ನಿಲ್ಲಿಸಿಕೊಂಡಿದ್ದ.

"ಕಾಯಿಲ್‌ಗೆ ಎಷ್ಟು ಸುತ್ತು ತಂತಿ ಸುತ್ಬೇಕಮ್ಮಾ?"

"ಗ್ಯಾಪ್ಕ ಬರ್ತಿಲ್ಲ ಸಾರ್."

"ನೆನಪೇ ಇಲ್ದೋರಿಗೆ ಕೆಲಸ ಹೇಗ್ರೀ ಕೊಡ್ಲಿ?" ಎಂದು ಯೂನಿಯನ್ ಪರವಾಗಿ ಅವಳ ಜೊತೆ ನಿಂತಿದ್ದ ನನ್ನತ್ತ ತಿರುಗಿದ.

ನಾನು ಮೇಜು ಗುದ್ದಿದೆ. "ಬಾಯಿ ನೆನಪು ಬೇರೆ, ಕೈ ನೆನಪು ಬೇರೆ ಅಂತ ಡಾಕ್ಟ್ರೇ ಹೇಳಿದಾರೆ. ತಂತಿ ಕೊಟ್ಟು ನೋಡ್ರೀ!"

ಕೊಟ್ಟ. ಗಂಗಕ್ಕ ಕಿಟಕಿಯಾಚೆ ನೋಡುತ್ತಲೇ ಸುತ್ತಿ ತಾನಾಗಿ ನಿಲ್ಲಿಸಿದಳು. ಮ್ಯಾನೇಜರ್ ಬಿಚ್ಚಿ ಎಣಿಸಿದ. ಒಂದು ಸುತ್ತೂ ಹೆಚ್ಚುಕಮ್ಮಿ ಇರಲಿಲ್ಲ.

"ನಿಮ್ಮ ಬೆಂಚಿಗೆ ಹೋಗಿ" ಎಂದ.

ಬೆಂಚಿಗೆ ಬಂದ ಮೇಲೆ ಅವಳು ಕೇಳಿದಳು: "ನಂಗೋಸ್ಕರ ಅಷ್ಟು ಕೂಗಾಡ್ದೆ, ನೀನ್ಯಾರಪ್ಪಾ?"

ಹನ್ನೆರಡು ವರ್ಷದಿಂದ ಪಕ್ಕದ ಬೆಂಚಿನವನು ನಾನು! ತಂತಿ ಕೈಗೆತ್ತಿಕೊಂಡೆ. ಸಡಿಲವಾಗಿ ಹಿಡಿದಿದ್ದೆನೇನೋ, ಮಣಿಕಟ್ಟಿಗೆ ಪಟ್ಟಂತ ಅವಳ ಏಟು ಬಿತ್ತು. ನನಗೆ ಕೆಲಸ ಕಲಿಸುವಾಗ ಅವಳು ಕೊಡುತ್ತಿದ್ದ ಅದೇ ಏಟು. ನಾನು ಇವತ್ತಿಗೂ ಅನ್ನ ತಿನ್ನುತ್ತಿರುವುದು ಆ ಏಟುಗಳಿಂದ.

ಯಾವಾಗಲೂ ಧಿಕ್ಕಾರ ಬರೆಯುವ ಈ ಯೂನಿಯನ್ ಬೋರ್ಡಿನಲ್ಲಿ ಇವತ್ತು ಒಂದು ಹೊಡೆತಕ್ಕೆ ಥ್ಯಾಂಕ್ಸ್ ಬರೆಯುತ್ತಿದ್ದೇನೆ.