ಮಗಳ ಚೀಟಿ, ತಾಯಿಯ ಬೆರಳು

ಆಗ ನಾನು ಬೆಟಗೇರಿಯ ಸಣ್ಣದೊಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಕಿಟಕಿಯ ಬಿಸಿಲು ಇರುವಷ್ಟು ಹೊತ್ತು ಮಾತ್ರ ನನ್ನ ಸೂಕ್ಷ್ಮದರ್ಶಕಕ್ಕೆ ಕಣ್ಣು. ಮೈತುಂಬ ತುರಿಕೆಯ ಗುಳ್ಳೆ ಎದ್ದವರ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿಕಣ ಹೆಚ್ಚಿದೆಯೇ ಎಂದು ನೂರು ಕಣ ಎಣಿಸಿ ಹೇಳಬೇಕು.

ಒಂದು ದಿನ ನೇಕಾರರ ಮನೆಯ ಹೆಂಗಸೊಬ್ಬರು ತುರಿಕೆಯ ಗುಳ್ಳೆಗೆಂದು ಡಾಕ್ಟರು ಬರೆದ ಚೀಟಿ ತಂದರು. ಬೆರಳು ಚುಚ್ಚಿದೆ, ಎಣಿಸಿದೆ. ಆ ಕಣ ವಿಪರೀತ ಹೆಚ್ಚಿತ್ತು. ವರದಿ ಬರೆಯಲು ಚೀಟಿ ನೋಡಿದರೆ ವಯಸ್ಸು ಹದಿನೆಂಟು! ಎದುರಿಗೆ ಕೂತವರಿಗೆ ನಲವತ್ತು ದಾಟಿತ್ತು.

"ಅಕ್ಕಾರ, ಇದು ಯಾರ ಚೀಟಿ?"

"ಮಗಳದ್ರಿ. ಡಾಕ್ಟರ್ ಮನಿಗೇ ಬಂದು ನೋಡಿ ಬರದು ಕೊಟ್ರು. ನಾಳೆ ಆಕೀನ ನೋಡಾಕ ಗಂಡಿನವರು ಬರ್ತಾರ. ಹುಡುಗಿ ದವಾಖಾನಿಗೆ ಹೋಗಿದ್ಲಂತ ಖಬರ ಹತ್ತಿದ್ರ ಮುಗೀತು. ಅದಕ್ಕ ನಾನ ಬೆರಳ ಕೊಟ್ಟೆ."

ನನಗೆ ತಲೆ ಕೆಟ್ಟುಹೋಯಿತು. "ಗುಳ್ಳಿ ಆಕೀಗೆ, ರಕ್ತ ನಿಮ್ಮದು! ನಾಳೆ ಆಕೀ ಗುಳಗೀನೂ ನೀವ ನುಂಗ್ತೀರೇನು? ಈ ರಕ್ತ ನೋಡಿದ್ರ ಗುಳ್ಳಿ ನಿಮಗ ಏಳಬೇಕು!"

ಅವರು ಕುಪ್ಪಸದ ತೋಳು ಮೇಲೆ ಸರಿಸಿದರು. ಕೆರೆದು ಕೆರೆದು ಕಪ್ಪಾದ ಗುಳ್ಳೆಗಳು, ಮೊಣಕೈ ದಾಟಿ ಮೇಲಕ್ಕೆ.

"ಎಷ್ಟು ದಿನ ಆತ್ರಿ?"

"ಮೂರು ವರ್ಷ."

"ಡಾಕ್ಟರ್ ಮನಿಗೆ ಬಂದಾಗ ತೋರಿಸಲಿಲ್ಲೇನು?"

"ಅವರು ಬಂದದ್ದು ಮಗಳ ಸಲುವಾಗಿ ಅಲ್ಲೇನ್ರಿ?"

ಚೀಟಿಯಲ್ಲಿದ್ದ ಮಗಳ ಹೆಸರು ಹೊಡೆದುಹಾಕಿ, ನಿಮ್ಮ ಹೆಸರು ಹೇಳಿರಿ ಎಂದೆ.

"ನಂದ್ಯಾಕ್ರಿ? ನನ್ನ ನೋಡಾಕ ಯಾರು ಬರ್ತಾರ?"

ಜಗಳ ಮಾಡಿಯೇ ಹೆಸರು ಬರೆದುಕೊಂಡೆ. ಮಗಳ ರಕ್ತಕ್ಕೆ ಅವರ ಮನೆಗೆ ನಾನೇ ಹೋಗಬೇಕಾಯಿತು, ಅದೂ ಸೀರೆ ಕೊಳ್ಳುವ ಗಿರಾಕಿಯ ಹಾಗೆ.