ದೂರದ ಪಾಠದ ಮೇಷ್ಟ್ರು

ಹೊಸ ಆ್ಯಪ್ ಬಂದಿದೆಯೆಂದರೆ ಗಣಿತದ ಮೇಷ್ಟ್ರಿಗೆ ಊಟ ರುಚಿಸುವುದಿಲ್ಲ. ಅದನ್ನು ಮೊಬೈಲಿಗೆ ಇಳಿಸಿಕೊಂಡು, ಒತ್ತಬಾರದ್ದನ್ನೆಲ್ಲ ಒತ್ತಿ ನೋಡಿದ ಮೇಲೇ ಸಮಾಧಾನ. ಬೆಳಗಾದರೆ ಸಕ್ಕರೆ ಡಬ್ಬಕ್ಕೆ ಮೊಬೈಲ್ ಆನಿಸಿಟ್ಟು, ಊರೂರಿನ ಮಕ್ಕಳಿಗೆ ಮನೆಯಿಂದಲೇ ಪಾಠ. ಪರದೆಯ ಮೇಲೆ ಬೆರಳಿನಿಂದ ತ್ರಿಕೋನ ಬರೆದು, ಇಲ್ಲದ ಸೀಮೆಸುಣ್ಣದ ಪುಡಿಯನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ. ಅವರ ಗಂಟಲಿನ ಜೋರಿಗೆ ಎದುರುಮನೆಯ ದರ್ಜಿಗೂ ಪ್ರಮೇಯಗಳು ಬಾಯಿಪಾಠವಾಗಿವೆ. “ನೆಟ್ ಇದ್ದಮೇಲೂ ಹಿಂಗೆ ಕೂಗೋದ್ಯಾಕ್ರೀ?” ಎಂದು ಹೆಂಡತಿ ಕೇಳಿದರೆ, “ದೂರಶಿಕ್ಷಣ ಕಣೇ ಇದು, ದೂರ!” ಎನ್ನುತ್ತಾರೆ. ಆ ತರಗತಿಯಲ್ಲಿ ಒಬ್ಬ ಹುಡುಗಿಗೆ ಮಾತು ತೊದಲುತ್ತದೆ. ಅವಳು ಉತ್ತರಗಳನ್ನು ಟೈಪ್ ಮಾಡಿ ಕಳಿಸುತ್ತಿದ್ದಳು. ಮೇಷ್ಟ್ರು ತಮ್ಮದೇ ಮಗಳ ಪದವಿಪತ್ರ ಓದುವಂತೆ ಅವನ್ನು ಗಟ್ಟಿಯಾಗಿ ಓದುತ್ತಿದ್ದರು. ಮೊನ್ನೆ ಅವಳೇ ಮೈಕ್ ತೆರೆದು, “ಸ... ಸಾರ್, ಇವತ್ತು ನಾ... ನಾನೇ ಹೇಳ್ತೀನಿ” ಎಂದಳು. ಮೇಷ್ಟ್ರು ಉಳಿದವರ ಮೈಕುಗಳನ್ನೆಲ್ಲ ಮುಚ್ಚಿ, ಕೊನೆಗೆ ತಮ್ಮದನ್ನೂ ಮುಚ್ಚಿ, ಕೈಕಟ್ಟಿ ಕೂತರು. ಹುಡುಗಿ ತಡವರಿಸಿದಳು, ನಿಂತಳು, ಮತ್ತೆ ಹೊರಟಳು. ಒಂದಕ್ಷರವನ್ನೂ ಅವರು ಎತ್ತಿಕೊಡಲಿಲ್ಲ. ಮನೆ ಹೀಗೆ ತಣ್ಣಗಾದದ್ದಕ್ಕೆ ಗಾಬರಿಯಾಗಿ ಹೆಂಡತಿ ಅಡುಗೆಮನೆಯಿಂದ ಓಡಿಬಂದು, “ಏನ್ರೀ, ನೆಟ್ ಹೋಯ್ತಾ?” ಎಂದರು. ಮೇಷ್ಟ್ರು ಪರದೆಯಿಂದ ಕಣ್ಣು ಕೀಳದೆ ಪಿಸುಗುಟ್ಟಿದರು: “ಶ್! ಇವತ್ತೇ ಕಣೇ ಚೆನ್ನಾಗಿ ಬರ್ತಿರೋದು.”